ನಾಗಲಿಂಗ ಮರದ ಮುನಿರತ್ನಮ್ಮ

ಮುನಿರತ್ನಮ್ಮನ ಬಾಯಿಗಿಂತ ಮೊದಲು ಮೂಗು ಮಾತಾಡುತ್ತಿತ್ತು. ಎಡ ಹೊಳ್ಳೆ ಮೇಲಕ್ಕೆ ಸರಿದು, ಅಲ್ಲಿದ್ದ ಕೆಂಪು ಕಲ್ಲಿನ ಮೂಗುಬೊಟ್ಟು ಒಮ್ಮೆ ಅಲುಗಿತೆಂದರೆ ಎದುರಿಗಿದ್ದವರು ಏನೋ ಹೇಸಿಗೆಯ ಕೆಲಸ ಮಾಡಿದ್ದಾರೆಂದು ಅರ್ಥ. ಆಮೇಲೆ 'ಥೂ' ಬರುತ್ತಿತ್ತು. ರಸ್ತೆಗೆ ಕಸ ಎಸೆದವರಿಗೆ ಗಿಡ್ಡ ಥೂ. ಸುಳ್ಳು ಹೇಳಿದವರಿಗೆ ಅದಕ್ಕಿಂತ ತುಸು ದೊಡ್ಡದು. ದೇವರ ಹೆಸರು ಹೇಳಿಕೊಂಡು ಗಿಡ ಮುರಿದವರಿಗೆ ಉಸಿರು ಮುಗಿಯುವ ತನಕ ಎಳೆದದ್ದು. ಆದರೆ ನಿಜವಾಗಿ ನಾರುವ ವಸ್ತುವಿನ ಮುಂದೆ ಆ ಮೂಗು ಅಲುಗಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ನಾನು ಹೊಸೂರಿನ ಪಕ್ಕದ ಮತ್ತಿಗಿರಿಯ ಆ ಬಡಾವಣೆಗೆ ಬಾಡಿಗೆಗೆ ಬಂದ ವಾರದಲ್ಲೇ ಆಕೆಯನ್ನು ಕಂಡದ್ದು. ಬೀದಿಯ ಕೊನೆಯ ಮನೆಯ ಮೆಟ್ಟಿಲ ಮೇಲೆ, ಮುಂದೊಂದು ಬಕೆಟ್ಟು ಇಟ್ಟುಕೊಂಡು, ಮೊಣಕೈವರೆಗೆ ಕೈ ಅದ್ದಿ ಕೂತಿದ್ದಳು. ಬಕೆಟ್ಟಿನಲ್ಲಿ ನೀಲಿಗಪ್ಪು ಬಣ್ಣದ ಲೋಳೆ. ಸತ್ತ ಇಲಿ, ಕೊಳೆತ ಈರುಳ್ಳಿ, ಚರಂಡಿ ಮೂರೂ ಒಟ್ಟಿಗೆ ಬಾಯಿ ತೆರೆದಂಥ ವಾಸನೆ. ನಾನು ಕರವಸ್ತ್ರ ತೆಗೆದು ಮೂಗಿಗೆ ಹಿಡಿದೆ.

"ಹೊಸಬ್ರಾ? ಮೂಗ್ ಬುಡಪ್ಪಾ, ಯಾರೂ ಸಾಯಕ್ಕಿಲ್ಲ" ಎಂದಳು. "ಇದು ನಾಗಲಿಂಗದ ಹಣ್ಣು. ಹಿಂಗ್ ಕೊಳೀಬೇಕು, ಆಗ್ಲೇ ಬೀಜ ಲೋಳೆ ಬುಡೋದು. ಸೋಪ್ ಹಾಕ್ಕಂಡು ತೊಳ್ದ ಬೀಜ ಮೊಳೀತದಾ?"

ಆ ಹಣ್ಣು ಕೃಷ್ಣಗಿರಿಯದು. ತವರಿನ ಜಮೀನಿನ ವಾಯಿದೆಗೆಂದು ಅಲ್ಲಿನ ಕೋರ್ಟಿಗೆ ಹೋದಾಗಲೆಲ್ಲ, ಹತ್ತಿರದ ಒಂದು ಹಳೆಯ ನಾಗಲಿಂಗ ಮರದ ಕೆಳಗೆ ಬಿದ್ದು ಒಡೆದ ಹಣ್ಣನ್ನು ಆಕೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಮೊದಲ ಸಲ ತಂದಾಗ ಬಸ್ಸಿನ ಕಂಡಕ್ಟರ್ ಶೂಳಗಿರಿಯಲ್ಲಿ ಇಳಿಸಿಬಿಟ್ಟನಂತೆ. "ಹೆಣ ತಂದಿದೀಯಾ ಅಂತ ತಮಿಳಲ್ಲಿ ಬೈದ. ನಾನೂ ತಮಿಳಲ್ಲೇ ಅಂದೆ, ನಿನ್ ಬಸ್ಸಲ್ಲಿ ಕೂತೋರೆಲ್ಲಾ ಸ್ನಾನ ಮಾಡ್ಕಂಡು ಬಂದವ್ರಾ ಕೇಳು ಅಂತ. ಇಳಿಸ್ಬುಟ್ಟ. ಒಂದು ಮಾವಿನಕಾಯಿ ಲಾರಿಯೋನು ಹತ್ತಿಸ್ಕಂಡ. ಅವನೂ ಹಿಂದ್ಗಡೆ ಕೂರ್ಸಿದ, ಅದು ಬ್ಯಾರೆ ಮಾತು." ಆ ಮೊದಲ ಹಣ್ಣಿನ ಬೀಜದಿಂದ ಎದ್ದ ಸಸಿಗಳನ್ನು ಹಾಲಿನ ಖಾಲಿ ಪ್ಯಾಕೆಟ್ಟುಗಳಲ್ಲಿ ಬೆಳೆಸಿ ಮನೆಮನೆಗೆ ಕೊಡಹೋದಳು. ನಾಗಲಿಂಗ ಮನೆಯಂಗಳದಲ್ಲಿ ಇರಬಾರದೆಂದು ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಒಂದನ್ನು ಉದ್ಯಾನಕ್ಕೆಂದು ಬಿಟ್ಟಿದ್ದ ಮುಳ್ಳುಪೊದೆಯ ಜಾಗದಲ್ಲಿ ನೆಟ್ಟಳು. ನಾನು ಬರುವ ಹೊತ್ತಿಗೆ ಅದು ಎರಡು ಮಹಡಿಯೆತ್ತರ ಬೆಳೆದಿತ್ತು. ಹೂ ಬಿಟ್ಟಿರಲಿಲ್ಲ.

ಮುನಿರತ್ನಮ್ಮ ಸಾನಮಾವು ಕಾಡಂಚಿನ ಹಳ್ಳಿಯವಳು. ಮದುವೆಯಾಗಿ ಮತ್ತಿಗಿರಿಗೆ ಬಂದು, ಗಂಡ ತೀರಿಕೊಂಡ ಮೇಲೆ ಗುಲಾಬಿ ಬೆಳೆಯುವ ಒಂದು ಕಂಪನಿಯ ಪಾಲಿಹೌಸಿನಲ್ಲಿ ಹೂ ಕತ್ತರಿಸಿ, ತೊಟ್ಟಿನ ಉದ್ದ ನೋಡಿ ವಿಂಗಡಿಸುವ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಬಹಳ ವರ್ಷ ದುಡಿದರೂ ಗುಲಾಬಿಯ ಬಗ್ಗೆ ಒಳ್ಳೆಯ ಮಾತಾಡಿದವಳಲ್ಲ. "ವಾಸ್ನೆ ಇಲ್ದಿರೋ ಹೂವ ಹೂವಾ? ಕಾಗ್ದ ಕಣಪ್ಪಾ. ಬಾಡೋದೂ ಇಲ್ಲ ನೆಟ್ಟಗೆ" ಎನ್ನುತ್ತಿದ್ದಳು. ನಾನು ಆಕೆಯನ್ನು ರತ್ನಕ್ಕ ಎನ್ನುತ್ತಿದ್ದೆ. ಪತ್ರಿಕೆಯೊಂದಕ್ಕೆ ಹೊಸೂರಿನ ಸುದ್ದಿ ಕಳಿಸುತ್ತಿದ್ದುದರಿಂದ ಆಕೆ ನನ್ನನ್ನು ಪೇಪರ್ನೋನು ಎನ್ನುತ್ತಿದ್ದಳು.

ಮರ ಸಾಕುವುದರಲ್ಲಿ ಆಕೆಗೆ ಅವಸರವಿರಲಿಲ್ಲ, ಮೋಹವೂ ಕಾಣುತ್ತಿರಲಿಲ್ಲ. ಬುಡದಿಂದ ಒಂದು ಮಾರು ದೂರದಲ್ಲಿ ಸುತ್ತ ತೋಡು ತೆಗೆದು ಅಲ್ಲಿಗಷ್ಟೇ ನೀರು ಬಿಡುತ್ತಿದ್ದಳು. ಬುಡಕ್ಕೆ ನೇರವಾಗಿ ಹೊಯ್ದರೆ ಬೈಗುಳ. ಸಗಣಿ ಗೊಬ್ಬರವನ್ನು ತಲೆಯ ಮೇಲೆ ಹೊತ್ತು ತಂದು ತೋಡಿಗೆ ತುಂಬುತ್ತಿದ್ದಳು. ಮರ ವರ್ಷದಲ್ಲಿ ಒಂದೆರಡು ಸಲ ಇದ್ದಕ್ಕಿದ್ದಂತೆ ಎಲ್ಲ ಎಲೆ ಕಳಚಿ ನಿಲ್ಲುತ್ತಿತ್ತು. ಬೀದಿಯವರು "ಹೋಯ್ತು, ಒಣಗಿತು" ಎನ್ನುತ್ತಿದ್ದರು. ಒಂದೇ ವಾರದಲ್ಲಿ ಹೊಸ ಚಿಗುರು ಮುಚ್ಚಿಕೊಳ್ಳುತ್ತಿತ್ತು. "ಬಟ್ಟೆ ಬಿಚ್ಚಿ ಸ್ನಾನ ಮಾಡ್ತೈತೆ. ನೀವ್ಯಾಕ್ ನಿಂತ್ಕಂಡು ನೋಡ್ತೀರಿ?" ಎಂದು ಆಕೆ ಅವರನ್ನು ಓಡಿಸುತ್ತಿದ್ದಳು.

ಆಕೆಯ ತವರೂರಿನ ಕಡೆ ಆನೆಗಳು ರಾಗಿ ಹೊಲಕ್ಕೆ ಇಳಿದ ಸುದ್ದಿಯನ್ನು ನಾನು ಆಗಾಗ ಬರೆಯುತ್ತಿದ್ದೆ. ಒಮ್ಮೆ ಆಕೆಯ ಅಣ್ಣನ ಹೊಲವೇ ಹೋಗಿತ್ತು. ಬೇಸರವಾಯಿತೇ ಎಂದು ಕೇಳಿದೆ. "ಆಗ್ದೆ ಏನ್ ಮಾಡ್ತದೆ? ಆದ್ರೆ ಆನೆ ಮೇಲೆ ಹೇಸ್ಕೆ ಬರಲ್ಲ. ತಿಂತೈತೆ, ಹೋಗ್ತೈತೆ. ತಿಂದು ಹೋಗೋವಾಗ ಕೈ ಮುಗ್ಯಲ್ಲ ನೋಡು" ಎಂದಳು. ಆ ಮಾತು ಯಾರನ್ನು ಕುರಿತದ್ದೆಂದು ಅಂದು ನನಗೆ ಹೊಳೆಯಲಿಲ್ಲ.

ನಾನು ಬಂದ ಎರಡನೆಯ ಬೇಸಿಗೆಯಲ್ಲಿ ಮರ ಹೂ ಬಿಟ್ಟಿತು. ನಾಗಲಿಂಗ ಕೊಂಬೆಯ ತುದಿಯಲ್ಲಿ ಹೂ ಬಿಡುವ ಮರವಲ್ಲ. ಬೊಡ್ಡೆಯಿಂದಲೇ ಹಗ್ಗದಂಥ ಒರಟು ಕಡ್ಡಿಗಳು ಹೊರಟು ಜೋತುಬೀಳುತ್ತವೆ, ಅವುಗಳಲ್ಲಿ ಮೊಗ್ಗು ನಿಲ್ಲುತ್ತದೆ. ದಪ್ಪ ಎಸಳು, ಹೊರಗೆ ಹಳದಿ, ಒಳಗೆ ಕೆಂಪು. ನಡುವೆ ಲಿಂಗದಂಥ ಪುಟ್ಟ ಗುಬುಟು, ಅದರ ಮೇಲೆ ಹೆಡೆಯಂತೆ ಬಾಗಿದ ಕೇಸರಗಳು. ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಯೆಲ್ಲ ಘಮ್ಮೆನ್ನುತ್ತಿತ್ತು.

ಮೊದಲು ಬಂದವರು ನಿವಾಸಿಗಳ ಸಂಘದ ಕಾರ್ಯದರ್ಶಿ ಶಿವಶಂಕರ್. ತುಮಕೂರು ಕಡೆಯವರು, ಕಾರ್ಖಾನೆಯಲ್ಲಿ ಸೂಪರ್ವೈಸರ್. ಹಣೆಗೆ ವಿಭೂತಿ ಬಳಿದು, ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬಂದರು. "ಅಮ್ಮಾ, ಇದು ಸಾಕ್ಷಾತ್ ಕೈಲಾಸ" ಎಂದರು.

"ಕೈಲಾಸ ಅಲ್ಲ ಸಾಮಿ, ಗೊಬ್ರ. ವರ್ಷಾನುಗಟ್ಲೆ ಸಗಣಿ ಹೊತ್ತಿದೀನಿ" ಎಂದಳು ರತ್ನಕ್ಕ.

ಮುಂದಿನ ಸೋಮವಾರದಿಂದ ಬೀದಿ ತುಂಬಿತು. ಕನ್ನಡದವರು, ತಮಿಳರು, ತೆಲುಗರು ಎಲ್ಲರಿಗೂ ಹೂ ಬೇಕು. ಕೈಗೆ ಸಿಕ್ಕಿದ್ದನ್ನು ಕಡ್ಡಿಯ ಸಮೇತ ಲಟಕ್ಕೆಂದು ಮುರಿದು ಒಯ್ಯತೊಡಗಿದರು. ಕಡ್ಡಿ ಮುರಿದ ಜಾಗದಲ್ಲಿ ಆಮೇಲೆ ಹೂವಿಲ್ಲ, ಏಕೆಂದರೆ ಅದೇ ಕಡ್ಡಿ ವರ್ಷವರ್ಷವೂ ಹೂ ಬಿಡುತ್ತದೆ. ರತ್ನಕ್ಕ ಬೆಳಗಿನ ಜಾವಕ್ಕೇ ಎದ್ದು ಮರದ ಕೆಳಗೆ ಕೋಲು ಹಿಡಿದು ನಿಂತಳು. ಬಂದವರಿಗೆಲ್ಲ ತೋರಿಸಿಕೊಟ್ಟಳು: ಎಡಗೈಲಿ ಕಡ್ಡಿ ಹಿಡಿ, ಬಲಗೈ ಹೆಬ್ಬೆರಳ ಉಗುರಿನಲ್ಲಿ ಹೂವಿನ ತೊಟ್ಟು ಚಿವುಟು. "ಮಗಾ ನಿದ್ದೆ ಮಾಡ್ತಿರೋವಾಗ ಕಿವೀಲಿರೋ ಓಲೆ ಬಿಚ್ತೀಯಲ್ಲಾ, ಅಂಗೆ." ನಾಲ್ಕು ಮನೆಯಾಚೆಯ ಸರೋಜಮ್ಮ ಆಕೆ ನೋಡುತ್ತಿದ್ದಂತೆಯೇ ಒಂದು ಕಡ್ಡಿಯನ್ನು ಎಳೆದು ಮುರಿದರು. ಅಂದು ನಾನು ಕೇಳಿದ ಥೂ ಬೀದಿಯ ಆ ತುದಿಯವರೆಗೂ ಹೋಗಿರಬೇಕು.

"ದೇವ್ರಿಗೆ ಕಣಮ್ಮಾ" ಎಂದರು ಸರೋಜಮ್ಮ.

"ದೇವ್ರು ಕಡ್ಡಿ ಕೇಳಿದ್ನಾ? ನೀನು ಅವ್ನ ಕೇಳ್ಕಂಡು ಬಾ, ಕೇಳಿದ್ದಾದ್ರೆ ನಾನೇ ಮರ ಕಿತ್ತು ಕೊಡ್ತೀನಿ."

ಮಾರನೆಯ ವರ್ಷ ಮಗಳ ಬಾಣಂತನಕ್ಕೆಂದು ಆಕೆ ಕೃಷ್ಣಗಿರಿಗೆ ಹೋಗಿ ಎರಡು ತಿಂಗಳು ಇದ್ದುಬಂದಳು. ಅಷ್ಟರಲ್ಲಿ ಸಂಘದವರು ಮರಕ್ಕೆ ಕಟ್ಟೆ ಕಟ್ಟಿದರು. ನೀರಿನ ತೋಡನ್ನು ಇಟ್ಟಿಗೆಚೂರು, ಜಲ್ಲಿ ತುಂಬಿ ಮುಚ್ಚಿದರು. ಮಂಡಿಯೆತ್ತರಕ್ಕೆ ಏರಿಸಿ, ಬೊಡ್ಡೆಗೆ ಬೆರಳು ತೂರದಂತೆ ಸಿಮೆಂಟು ಬಿಗಿದು, ಮೇಲೆ ಸ್ನಾನದ ಮನೆಯಲ್ಲಿರುವಂಥ ನುಣ್ಣನೆಯ ಟೈಲ್ಸ್ ಹಾಕಿದರು. ಕಟ್ಟುವಾಗ ನಾನು ದಿನವೂ ಅದೇ ದಾರಿಯಲ್ಲಿ ಓಡಾಡಿದೆ. ಕೇಳಲಿಲ್ಲ. ಕಟ್ಟೆ ಕಟ್ಟುವುದು ಸುದ್ದಿಯಲ್ಲ ಎಂದುಕೊಂಡೆ.

ಬಸ್ಸಿಳಿದು ಬಂದ ರತ್ನಕ್ಕ ಬ್ಯಾಗನ್ನೂ ಕೆಳಗಿಡದೆ ಕಟ್ಟೆಯ ಸುತ್ತ ಒಂದು ಸುತ್ತು ಹಾಕಿದಳು. ಶಿವಶಂಕರ್ ಅದನ್ನು ಪ್ರದಕ್ಷಿಣೆ ಎಂದು ತಿಳಿದು ಸಂತೋಷಪಟ್ಟರು. "ಹೇಗಿದೆ ಅಮ್ಮಾ, ಪೀಠ?"

"ಕುತ್ಗೇ ಮಟ್ಟ ಹೂತಾಕಿದೀರಲ್ಲಾ. ಉಸ್ರು ಎಲ್ಲಿಂದ ತಗೋಬೇಕು ಅದು?"

"ಪುಣ್ಯದ ಕೆಲಸ ಅಮ್ಮಾ. ನೀವು ಹೀಗೆಲ್ಲಾ ಅನ್ನಬಾರದು."

ಪುಣ್ಯ ದಿನೇ ದಿನೇ ಹೆಚ್ಚಿತು. ಬೊಡ್ಡೆಗೆ ಒತ್ತಿಕೊಂಡೇ ಎಣ್ಣೆದೀಪ, ಕರ್ಪೂರ. ತೊಗಟೆ ಅಂಗೈಯಗಲ ಸುಟ್ಟು ಕಪ್ಪಾಯಿತು. ಅರಿಸಿನದ ನೀರು, ಕುಂಕುಮ. ಸೋಮವಾರಗಳಲ್ಲಿ ಹಾಲು.

ಆಮೇಲೆ ಕಾಯಿ ಬಂತು. ಮಗುವಿನ ತಲೆಯಷ್ಟು ದೊಡ್ಡ, ಕಂದು ಬಣ್ಣದ, ಗುಂಡಾದ ಕಾಯಿಗಳು. ಬಲಿಯಲು ಒಂದು ವರ್ಷದ ಮೇಲೆ ಬೇಕು. ಬಲಿತದ್ದು ಧಡ್ಡೆಂದು ಬಿದ್ದು ಒಡೆಯುತ್ತದೆ. ಒಳಗಿನ ಬಿಳಿ ತಿರುಳು ಗಾಳಿ ತಾಕಿದೊಡನೆ ನೀಲಿಯಾಗಿ ನಾರತೊಡಗುತ್ತದೆ. ಬೆಳಿಗ್ಗೆ ಹೂವಿಗೆ ಬಂದವರು ಸಂಜೆ ಕಾಯಿಯ ಮೇಲೆ ದೂರು ತಂದರು. ಸಂಘದ ಸಭೆ ಸೇರಿತು. ನಾನೂ ಹೋಗಿದ್ದೆ. ಊಟ ಸೇರುವುದಿಲ್ಲ ಎಂದು ಒಬ್ಬರು, ನೆಂಟರು ಬರಲು ಒಪ್ಪುವುದಿಲ್ಲ ಎಂದು ಇನ್ನೊಬ್ಬರು, ಮನೆಗೆ ಬಾಡಿಗೆದಾರರು ಸಿಗುತ್ತಿಲ್ಲ ಎಂದು ಮತ್ತೊಬ್ಬರು ಹೇಳಿದರು. ಹೂವು ಇರಲಿ, ಕಾಯಿ ಬೇಡ ಎಂಬುದು ಒಟ್ಟು ಅಭಿಪ್ರಾಯ.

ರತ್ನಕ್ಕ ಹಿಂದಿನ ಕುರ್ಚಿಯಿಂದ ಎದ್ದಳು. "ಕಾಯಿ ಬಲೀತಿದ್ದಂಗೆ ನಾನೇ ಇಳಿಸ್ತೀನಿ. ಬಿದ್ದಿದ್ನ ನಾನೇ ಬಾಚಿ ಗುಂಡಿಗೆ ಹಾಕ್ತೀನಿ. ನೀವು ಯಾರೂ ಮುಟ್ಬ್ಯಾಡಿ, ಮೂಸ್ಬ್ಯಾಡಿ. ಮರದ ತಂಟೆಗ್ ಮಾತ್ರ ಬರ್ಬ್ಯಾಡಿ." ಆ ಬೀದಿಯಲ್ಲಿ ಆಕೆ ಯಾರನ್ನಾದರೂ ಏನನ್ನಾದರೂ ಕೇಳಿಕೊಂಡದ್ದು ಅದೊಂದೇ ಸಲ. ಎಲ್ಲರೂ ತಲೆಯಾಡಿಸಿದರು. ಟೀ ಬಂತು.

ಆ ವಾರ ನಾನು ಒಂದು ಸಣ್ಣ ವರದಿ ಕಳಿಸಿದೆ. ಎರಡೂ ಕಡೆಯವರ ಮಾತನ್ನು ಹಾಕಿದ್ದೆ. ಅಚ್ಚಾದಾಗ ತಲೆಬರಹ ದುರ್ವಾಸನೆಯ ಕುರಿತೇ ಇತ್ತು. ಕೊನೆಯ ಸಾಲಿನಲ್ಲಿ, ಮರವನ್ನು ಉಳಿಸಿಕೊಳ್ಳಬೇಕೆಂದು ಕೆಲವರು ಹೇಳುತ್ತಾರೆ ಎಂದಿತ್ತು. ರತ್ನಕ್ಕ ನನ್ನಿಂದಲೇ ಓದಿಸಿ ಕೇಳಿದಳು.

"ಈ ಕೆಲವ್ರು ಅಂದ್ರೆ ಯಾರಪ್ಪಾ?"

"ನೀವೇ ಅಕ್ಕಾ."

"ನಾನೊಬ್ಳೇ ಅಲ್ವಾ? ಒಬ್ಳು ಅಂತ್ಲೇ ಬರೀಬೇಕಾಗಿತ್ತು. ಕೆಲವ್ರು ಅಂದ್ರೆ ಯಾರೂ ಇಲ್ಲ ಅಂದಂಗೆ."

ನನಗೆ ಥೂ ಎನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಆ ವರದಿಯ ನಕಲನ್ನು ಸಂಘದವರು ಕಾಯಿ ತೆಗೆಸಲು ಅನುಮತಿ ಕೇಳಿದ ತಮ್ಮ ಅರ್ಜಿಗೆ ಲಗತ್ತಿಸಿ ನಗರಾಡಳಿತದ ಕಚೇರಿಗೆ ಕೊಟ್ಟರೆಂದು ನನಗೆ ತಿಳಿದದ್ದು ಆಮೇಲೆ.

ತಿಂಗಳೊಳಗೆ ಒಂದು ಮಧ್ಯಾಹ್ನ ಅವರು ಮರ ಹತ್ತುವವನೊಬ್ಬನನ್ನು ಕರೆತಂದು ಮಚ್ಚು ಕೊಟ್ಟರು. ಕಾಯಿಯಿರುವ ಕಡ್ಡಿಗಳನ್ನೆಲ್ಲ ಸವರು ಎಂದರು. ಕಾಯಿ ಬಿಡುವ ಕಡ್ಡಿಯೇ ಹೂ ಬಿಡುವ ಕಡ್ಡಿ ಎಂಬುದು, ವರ್ಷಗಟ್ಟಲೆ ಆ ಮರಕ್ಕೆ ಕೈ ಮುಗಿದವರಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ರತ್ನಕ್ಕ ಪಡಿತರ ಅಂಗಡಿಯಿಂದ ಬರುವಷ್ಟರಲ್ಲಿ ಬೊಡ್ಡೆ ಬುಡದಿಂದ ಕವಲಿನವರೆಗೆ ಬೋಳಾಗಿತ್ತು. ಅಂದಕ್ಕೆಂದು ಸುಣ್ಣ ಬಳಿದು ಕೆಂಪು ಪಟ್ಟೆ ಎಳೆಯುತ್ತಿದ್ದರು. ಮಚ್ಚಿನವನು ಆಕೆಯ ಮುಖ ನೋಡಿ ತಾನಾಗಿಯೇ ಹೇಳಿದ: "ಅವಂಗ ಸೊನ್ನಾಂಗ, ನಾನ್ ವೆಟ್ಟಿನೇನ್ ಅಮ್ಮಾ." ಅವರು ಹೇಳಿದರು, ಕಡಿದೆ ಎಂದು.

"ನಿಂದೇನೂ ಇಲ್ಲ ಕಣಪ್ಪಾ. ನೀನು ಊಟ ಮಾಡಿದ್ಯಾ?" ಎಂದು ಕೇಳಿ, ಬಿದ್ದ ಕಡ್ಡಿಗಳನ್ನು ಒಂದೊಂದಾಗಿ ಆಯತೊಡಗಿದಳು. ಎಷ್ಟೋ ಕಡ್ಡಿಗಳಲ್ಲಿ ಮೊಗ್ಗಿತ್ತು.

ಆಮೇಲೆ ಹೂವಿಲ್ಲ. ಸಂಘದವರಿಗೆ ಅದು ಒಗಟಾಯಿತು. ಸರೋಜಮ್ಮ ಒಗಟು ಬಿಡಿಸಿದರು. ಗಂಡನಿಲ್ಲದ ಹೆಂಗಸು, ಕೊಳೆತ ಹಣ್ಣು ಕಲಸಿದ ಕೈಯಲ್ಲಿ ದೇವರ ಮರ ಮುಟ್ಟಿದ್ದಕ್ಕೇ ಹೀಗಾಯಿತು ಎಂದರು. ಈ ಮಾತನ್ನು ನನ್ನೆದುರಿಗೇ ಆಡಿದರು. ಸುತ್ತ ಐದಾರು ಜನ ಇದ್ದರು, ಯಾರೂ ಅಲ್ಲವೆನ್ನಲಿಲ್ಲ. ಪರಿಹಾರಕ್ಕೆಂದು ಸೋಮವಾರದ ಹಾಲನ್ನು ಬಿಂದಿಗೆಗಟ್ಟಲೆ ಏರಿಸಿದರು. ಹಾಲು ಟೈಲ್ಸಿನ ಸಂದಿಯಲ್ಲಿ ಇಳಿದು ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಆ ಸಲ ಎಲೆ ಉದುರಿದ ಮೇಲೆ ಚಿಗುರಿಗೆ ಒಂದು ತಿಂಗಳು ಹಿಡಿಯಿತು. ಬಂದ ಎಲೆಗಳು ಹುಣಸೆ ಎಲೆಯಷ್ಟು ಪುಟ್ಟದಲ್ಲದಿದ್ದರೂ ಅಂಗೈಯಗಲಕ್ಕೂ ಬೆಳೆಯಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಪೂಜೆ ನಡೆಯುತ್ತಿದ್ದಾಗಲೇ ರತ್ನಕ್ಕ ಹಾರೆ ಹಿಡಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೊಡ್ಡೆಯ ಪಕ್ಕದ ಟೈಲ್ಸಿಗೆ ಎತ್ತಿ ಹಾಕಿದಳು. ಮೂರು ಏಟಿಗೆ ಬಿರಿಯಿತು, ಐದಾರಕ್ಕೆ ಚಪ್ಪಡಿ ಎದ್ದಿತು.

ಅದರ ಕೆಳಗಿನಿಂದ ಬಂದ ವಾಸನೆಯನ್ನು ನಾನು ಬರೆದಿಡಬೇಕು. ಕೊಳೆತ ನಾಗಲಿಂಗದ ಹಣ್ಣು ಅದರ ಮುಂದೆ ಏನೂ ಅಲ್ಲ. ತಿಂಗಳುಗಟ್ಟಲೆ ಹುಳಿತ ಹಾಲು, ಕಮಟು ಎಣ್ಣೆ, ಕೊಳೆತ ಹೂವು, ಅರಿಸಿನ ಎಲ್ಲ ಸೇರಿ ಬೂದು ಕೆಸರಾಗಿತ್ತು. ಅದರಲ್ಲಿ ಬಿಳಿ ಹುಳುಗಳು ಮಿಜಿಗುಡುತ್ತಿದ್ದವು. ಆರತಿ ತಟ್ಟೆ ಹಿಡಿದಿದ್ದವರು ಹಿಂದಕ್ಕೆ ಹಾರಿದರು. ಸರೋಜಮ್ಮ ಚರಂಡಿಯ ಬಳಿ ಕೂತು ವಾಂತಿ ಮಾಡಿಕೊಂಡರು.

ರತ್ನಕ್ಕ ಆ ಕೆಸರಿಗೆ ಕೈ ಹಾಕಿ ಒಂದು ಬೇರನ್ನು ಎಳೆದಳು. ಸಿಪ್ಪೆ ಒದ್ದೆ ಕಾಲುಚೀಲದಂತೆ ಕಳಚಿ ಅವಳ ಕೈಗೆ ಬಂತು. ಅದನ್ನು ಶಿವಶಂಕರ್ ಅವರ ಮುಖದ ಹತ್ತಿರ ಹಿಡಿದಳು.

"ಇದ್ಯಾವ ಹಣ್ಣು ಸಾಮಿ? ಒಸಿ ಮೂಸಿ ಹೇಳಿ."

ಶಿವಶಂಕರ್ ಮೂಗು ಮುಚ್ಚಿಕೊಂಡೇ, "ಪೂಜೆ ಹೊತ್ತಲ್ಲಿ ಅಪಚಾರ ಮಾಡಿದ್ರಿ" ಎಂದರು. ಮಧ್ಯಾಹ್ನ ಪೂಜಾ ಸ್ಥಳಕ್ಕೆ ಧಕ್ಕೆಯಾಗಿದೆ ಎಂದು ಪೊಲೀಸ್ ದೂರು ಹೋಯಿತು. ಬಂದ ಪೊಲೀಸರು ಗುಂಡಿ ನೋಡಿದರು, ಮೂಗು ಹಿಡಿದುಕೊಂಡರು, ಮುದುಕಿಯನ್ನು ಮನೆಯವರು ಸಂಭಾಳಿಸಲಿ ಎಂದು ಹೇಳಿ ಹೋದರು. ಕೃಷ್ಣಗಿರಿಯಿಂದ ಅಳಿಯ ಬಂದು, ಬೀದಿಯವರ ಕ್ಷಮೆ ಕೇಳಿ, ಆಕೆಯನ್ನು ಕರೆದುಕೊಂಡು ಹೋದ. ಹೋಗುವಾಗ ಆಕೆ ಮರದ ಕಡೆ ತಿರುಗಲಿಲ್ಲ. ಕ್ಷಮೆ ಕೇಳುತ್ತಿದ್ದ ಅಳಿಯನನ್ನೇ ನೋಡುತ್ತಿದ್ದಳು. ಮೂಗುಬೊಟ್ಟು ಅಲುಗಿತು. ಅವನು ಮಗಳ ಗಂಡನಾದ್ದರಿಂದಲೋ ಏನೋ, ಥೂ ಮಾತ್ರ ಬರಲಿಲ್ಲ. ಸಂಘದವರು ಅದೇ ವಾರ ಗುಂಡಿಗೆ ಒಣ ಮಣ್ಣು ಸುರಿದು, ಮೇಲೆ ಮೊದಲಿಗಿಂತ ದಪ್ಪಗೆ ಸಿಮೆಂಟು ಹಾಕಿದರು. ಈ ಬಾರಿ ನಾನು ಬರೆದೆ, ಕಂಡದ್ದನ್ನೆಲ್ಲ ಬರೆದೆ, ಮರ ನೆಟ್ಟವಳ ಹೆಸರನ್ನೂ ಬರೆದೆ. ವರದಿ ಸರಿಯಾಗಿತ್ತು. ಮರಕ್ಕೆ ಅದರಿಂದ ಏನೂ ಆಗಲಿಲ್ಲ.

ಕೊನೆಯ ಸಲ ಆಕೆಯನ್ನು ನೋಡಿದ್ದು ಕಳೆದ ಮಾವಿನ ಸುಗ್ಗಿಯಲ್ಲಿ, ಕೃಷ್ಣಗಿರಿಯ ಮಗಳ ಮನೆಯಲ್ಲಿ. ಮೈ ಇಳಿದುಹೋಗಿತ್ತು. ಎರಡು ಮಾತಿಗೊಮ್ಮೆ ಉಸಿರು ಹಿಡಿಯುತ್ತಿತ್ತು. ಮಗಳು ತಂದಿಟ್ಟ ಕಾಫಿಯನ್ನು ನನ್ನ ಕಡೆ ತಳ್ಳಿ, ನೇರ ವಿಷಯಕ್ಕೆ ಬಂದಳು.

"ಎಲೆ ಉದುರಿಸ್ತಾ?"

"ಉದುರಿಸಿತು. ಎರಡೂವರೆ ತಿಂಗಳಾಯ್ತು."

"ಚಿಗುರು?"

"ಬಂದಿಲ್ಲ ಅಕ್ಕಾ."

"ತೊಗಟೆ ಉಗುರಲ್ಲಿ ಕೆರ್ದು ನೋಡ್ದ್ಯಾ? ಹಸ್ರು ಐತಾ?"

ನೋಡಿದ್ದೆ. ಕವಲಿನವರೆಗೆ ಕೈ ಎಟುಕಿದ ಕಡೆಯೆಲ್ಲ ಕೆರೆದು ನೋಡಿದ್ದೆ. ಎಲ್ಲ ಕಡೆಯೂ ಕಂದು. ಹಾಗೆಂದೇ ಹೇಳಿದೆ.

ಹೊರಗೆ ಮಾವಿನ ಮಂಡಿಗೆ ಹೋಗುವ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹಾರನ್ ಬಾರಿಸುತ್ತಿದ್ದವು.

"ಅಂಗಾದ್ರೆ ಕಡ್ದಾಕಕ್ಕೆ ಹೇಳ್ಬುಡು ಅವ್ರಿಗೆ" ಎಂದಳು. "ಒಣಮರ, ಮಳೆಗಾಳೀಲಿ ನಿಲ್ಲಕ್ಕಿಲ್ಲ. ಯಾರ್ದಾದ್ರೂ ಮನೆ ಮ್ಯಾಲೆ ಬಿದ್ರೆ ಆಮ್ಯಾಕೆ ಮರಾನೇ ಕೊಂದ್ಬುಡ್ತು ಅಂತಾರೆ. ಆ ಮಾತು ಅದ್ರ ಮ್ಯಾಲೆ ಬರ್ಬಾರ್ದು ಕಣಪ್ಪಾ."

ಮೂರು ವಾರಕ್ಕೆ ತೀರಿಕೊಂಡಳು. ಸುದ್ದಿ ಬಂದ ದಿನವೇ ನಾನು ಶಿವಶಂಕರ್ ಅವರ ಮನೆಗೆ ಹೋಗಿ, ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಹೇಳಿದೆ. ಅವರು ಗಾಬರಿಯಿಂದ ಕೆನ್ನೆ ಬಡಿದುಕೊಂಡರು.

"ಎಂಥಾ ಮಾತು ಸಾರ್! ದೇವರ ಮರ. ಕಡಿದರೆ ಪಾಪ ಬರುತ್ತೆ."

ಮರ ಇನ್ನೂ ನಿಂತಿದೆ. ಗೆದ್ದಲು ಕವಲಿನವರೆಗೆ ಏರಿದೆ. ಸೋಮವಾರ ಸೋಮವಾರ ಹಾಲು ಹೊಯ್ಯುತ್ತಾರೆ.